ಅಪ್ಪನ ಕಣ್ಣು

ಯಜಮಾನನಿಗೆ ಕೆಂಪು ಯಾವುದು, ಹಸಿರು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಕಂದು ಬಣ್ಣವೂ ಸೇರಿ ಮೂರೂ ಅವನಿಗೆ ಒಂದೇ ಕೆಸರು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎಷ್ಟೋ ಗಂಡಸರಿಗೆ ಹಾಗಿರುತ್ತದೆ, ಅವರು ಕಾಲುಚೀಲ ಅದಲುಬದಲು ಹಾಕಿಕೊಂಡು ಸುಖವಾಗಿ ಬಾಳುತ್ತಾರೆ. ಆದರೆ ಇವನಿಗೆ ಬಣ್ಣವೇ ಹೊಟ್ಟೆಪಾಡು. ರತ್ನಗಂಬಳಿ ನೇಯುವವರಿಗೆ ಉಣ್ಣೆಯ ನೂಲಿಗೆ ಬಣ್ಣ ಹಾಕಿಕೊಡುವ ಕಾರ್ಖಾನೆ ಅವನದು. ಆ ಕಸುಬಿನವರೆಲ್ಲ ಅವನನ್ನು ಹದ್ದು ಎಂದು ಕರೆಯುತ್ತಿದ್ದರು. ಗಿರಾಕಿ ಕೊಟ್ಟ ಮಾದರಿಗೂ ಬಣ್ಣದ ಹಂಡೆಯಿಂದ ಎತ್ತಿದ ನೂಲಿನ ಲಡಿಗೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಹದ್ದಿನ ಕಣ್ಣಿನಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂಬ ಮಾತು ಹಬ್ಬಿತ್ತು. ಕೆಲಸಗಾರರೆಲ್ಲ ಅವನಿಗೆ ಬಹುವಚನ ಕೊಡುತ್ತಿದ್ದರು. ಕಥೆ ಹೇಳುವವರೂ ಕೊಡಬೇಕೆಂದು ಕಾನೂನೇನೂ ಇಲ್ಲ.

ಆ ಹದ್ದಿನ ಕಣ್ಣು ಇದ್ದದ್ದು ಅವನ ಹೆಂಡತಿಯ ಮುಖದಲ್ಲಿ. ಕುದಿಯುವ ಹಂಡೆಯಲ್ಲಿ ಕಾಗದದ ಚೀಟಿ ಹಿಟ್ಟಾಗಿ ಹೋಗುತ್ತದೆ. ಹಾಗಾಗಿ ಯಾರ ಮಾಲು ಯಾವುದೆಂದು ತಿಳಿಯಲು ಪ್ರತಿ ಲಡಿಗೂ ಒಂದು ಹತ್ತಿಯ ದಾರ ಕಟ್ಟಿ ಅದಕ್ಕೆ ಗಂಟು ಹಾಕುವುದು ಬಣ್ಣದವರ ರೂಢಿ. ಲಡಿ ಒಣಗಿದ ಮೇಲೆ ಯಜಮಾನಿ ಆ ದಾರದ ಬಾಲದಲ್ಲಿ ತನ್ನದೂ ಗಂಟು ಸೇರಿಸುತ್ತಿದ್ದಳು. ಒಂದು ಗಂಟು ಕೆಂಪು, ಎರಡು ಹಸಿರು, ಮೂರು ಕಂದು. ಗಂಟು ಬಿಗಿಯಾಗಿದ್ದರೆ ಬಣ್ಣ ಮಾದರಿಗೆ ಸರಿಯಾಗಿದೆ, ಸಡಿಲವಾಗಿದ್ದರೆ ಇನ್ನೊಂದು ಚಿಟಿಕೆ ಬೇಕು. ಯಜಮಾನ ಲಡಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ತಲೆ ಒಂದು ಕಡೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ ಧ್ಯಾನಕ್ಕೆ ಕೂತವನಂತೆ ನಿಲ್ಲುತ್ತಿದ್ದ. ಎಲ್ಲರೂ ಅವನ ಮುಖ ನೋಡುತ್ತಿದ್ದರು. ಅವನ ಹೆಬ್ಬೆರಳನ್ನು ಯಾರೂ ನೋಡುತ್ತಿರಲಿಲ್ಲ.

ಈ ಉಪಾಯ ಅವನ ತಾಯಿಯದು. ಮಗನ ಕಣ್ಣಿನ ಗುಟ್ಟನ್ನು ಅವಳು ಸ್ವಂತ ಮಗಳಿಗೂ ಬಿಟ್ಟುಕೊಟ್ಟಿರಲಿಲ್ಲ. ಮಗನಿಗೆ ಹೆಣ್ಣು ಹುಡುಕುವಾಗ, ಒಂದು ಮನೆಯಲ್ಲಿ ಅಣ್ಣನಿಗೆ ಬಣ್ಣ ಕಾಣುವುದಿಲ್ಲ, ಅವನ ಅಂಗಿ, ಟೋಪಿ, ಕಾಲುಚೀಲ ಎಲ್ಲ ತಂಗಿಯೇ ಹೊಂದಿಸಿಕೊಡುತ್ತಾಳೆ, ಹೊರಗೆ ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಯಾರೋ ಹೇಳಿದರಂತೆ. ಮುದುಕಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಇಂಥವಳೇ ಬೇಕು ಎಂದು ಹಟ ಹಿಡಿದು ಸೊಸೆ ಮಾಡಿಕೊಂಡಳು. ಸಾಯುವ ಮುಂಚೆ ದಾರ ಕೈಗೆ ಕೊಟ್ಟು, “ಇನ್ನು ಮೇಲೆ ಅವನ ಕಣ್ಣು ನೀನೇ ಕಣಮ್ಮ” ಎಂದಳು. ಬಹಳ ಜಾಣೆ ಅಂದುಕೊಂಡಿದ್ದಳು ತನ್ನನ್ನು ತಾನು. ಅಣ್ಣನ ಕಣ್ಣಿನ ದೋಷ ತಂಗಿಯ ಮೈಯೊಳಗೂ ಸದ್ದಿಲ್ಲದೆ ಕೂತಿರಬಹುದು ಎಂಬುದು ಆ ಜಾಣತನಕ್ಕೆ ಹೊಳೆಯಲಿಲ್ಲ. ದೋಷಕ್ಕೆ ದೋಷವನ್ನೇ ಹುಡುಕಿ ತಂದು ಮದುವೆ ಮಾಡಿದ್ದಳು.

ಹುಟ್ಟಿದ್ದು ಒಬ್ಬಳೇ ಮಗಳು, ಪುಟ್ಟಿ. ಅವಳು ಚಿಕ್ಕಂದಿನಲ್ಲಿ ಮರದ ಎಲೆಗೆ ಕಂದು ಬಣ್ಣ ಬಳಿದು ತಂದು ತೋರಿಸಿದಾಗ ಅಪ್ಪನ ಕಣ್ಣೇ ಮಗಳಿಗೂ ಬಂದಿದೆ ಎಂದು ಯಜಮಾನಿಗೆ ಗೊತ್ತಾಗಿಹೋಯಿತು. ಯಾರಿಗೂ ಹೇಳಲಿಲ್ಲ. ಬಣ್ಣದ ಕಡ್ಡಿಗಳ ಮೇಲೆ ಹೆಸರು ಓದಿ ಹಚ್ಚುವುದನ್ನು ಕಲಿಸಿದಳು, ಹಂಡೆಗಳ ಹತ್ತಿರ ಸುಳಿಯಗೊಡಲಿಲ್ಲ, ಓದು ಓದು ಎಂದು ಬೆನ್ನು ಹತ್ತಿದಳು. ಪುಟ್ಟಿ ಓದಿದಳು. ದೊಡ್ಡವಳಾಗಿ ರೈಲು ಓಡಿಸುವ ಕೆಲಸಕ್ಕೆ ಅರ್ಜಿ ಹಾಕಿ, ಎಲ್ಲ ಪರೀಕ್ಷೆ ಗೆದ್ದು, ಕೊನೆಗೆ ವೈದ್ಯಕೀಯ ತಪಾಸಣೆಗೆ ಹೋದಳು. ಅಲ್ಲಿ ಬಣ್ಣವನ್ನೂ ಕೇಳುತ್ತಾರೆಂದು ತಾಯಿಗೆ ತಿಳಿದಿರಲಿಲ್ಲ. ಜೊತೆಗೆ ಹೋದವಳು ಅವಳ ಸೋದರತ್ತೆ, ಅಂದರೆ ಯಜಮಾನನ ತಂಗಿ. ಅವಳು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದಳು. ಮನೆಯಲ್ಲೂ ಎಲ್ಲರಿಗೂ ಪಾಠ ಹೇಳುವ ಚಟ ಅವಳಿಗೆ.

ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಚುಕ್ಕೆಗಳ ನಡುವೆ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದರು. ಪುಟ್ಟಿಗೆ ಬರೀ ಚುಕ್ಕೆ ಕಂಡಿತು. ಹಾಳೆ ತಿರುವಿದರು, ಮತ್ತೆ ಚುಕ್ಕೆ. ಸಿಗ್ನಲ್ಲಿನ ಕೆಂಪು ಹಸಿರು ಗೊತ್ತಾಗದವಳ ಕೈಗೆ ರೈಲು ಕೊಡುವವರು ಯಾರು? ಕೆಲಸ ಕೈತಪ್ಪಿತು. ಡಾಕ್ಟರು ಪುಸ್ತಕ ಮುಚ್ಚುತ್ತಾ, “ಹೆಣ್ಣುಮಕ್ಕಳಿಗೆ ಇದು ಬರೋದು ಅಪರೂಪ. ತಂದೆಗೂ ಇದೆ ಅಲ್ವಾ?” ಎಂದರಂತೆ. ಅತ್ತೆ ಆ ಮಾತನ್ನು ಕೈಚೀಲದಲ್ಲಿ ಹಾಕಿಕೊಂಡವಳಂತೆ ಜೋಪಾನವಾಗಿ ಮನೆಗೆ ತಂದಳು.

ಮಧ್ಯಾಹ್ನ, ಲಡಿಗಳನ್ನು ಮಾದರಿಗೆ ಹೋಲಿಸುವ ಕೋಣೆಯಲ್ಲಿ, ದೊಡ್ಡ ಕಿಟಕಿಯ ಕೆಳಗಿನ ಮೇಜಿನ ಸುತ್ತ ಎಲ್ಲರೂ ಸೇರಿದರು. ಪುಟ್ಟಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಕೀಲಿಕೈ ಕೊಡಲು ಬಂದ ಮೇಸ್ತ್ರಿ, ಹೋಗು ಎಂದು ಯಾರೂ ಹೇಳದ್ದರಿಂದ, ಬಾಗಿಲಲ್ಲೇ ನಿಂತುಬಿಟ್ಟ.

“ಅತ್ತಿಗೆ, ಕೂತ್ಕೊಳ್ಳಿ. ನಿಂತು ಕೇಳೋ ವಿಷಯ ಅಲ್ಲ,” ಎಂದು ನಾದಿನಿ ಮೇಜಿನ ಮೇಲಿದ್ದ ನೂಲಿನ ಎರಡು ಎಳೆ ಎತ್ತಿಕೊಂಡಳು. “ನೋಡಿ, ಹೆಣ್ಣಿಗೆ ಇಂಥ ಎಳೆ ಎರಡಿರುತ್ತೆ. ಒಂದು ಅಮ್ಮ ಕೊಟ್ಟಿದ್ದು, ಒಂದು ಅಪ್ಪ ಕೊಟ್ಟಿದ್ದು. ಗಂಡಿಗೆ ಒಂದೇ, ಅದು ಅಮ್ಮ ಕೊಟ್ಟಿದ್ದು. ಈ ದೋಷ ಕೂರೋದು ಆ ಎಳೇಲಿ. ಗಂಡಿನ ಒಂದೇ ಒಂದು ಎಳೆ ಕೆಟ್ಟಿದ್ರೆ ಮುಗೀತು, ಮುಚ್ಕೊಳ್ಳೋಕೆ ಇನ್ನೊಂದಿಲ್ಲ. ಹೆಣ್ಣಿಗೆ ಒಂದು ಕೆಟ್ರೂ ಇನ್ನೊಂದು ಕಾಪಾಡುತ್ತೆ. ಕಣ್ಣು ಚೆನ್ನಾಗೇ ಇರುತ್ತೆ, ಕೆಟ್ಟಿದ್ದು ಒಳಗೇ ಅಡಗಿರುತ್ತೆ. ಪುಟ್ಟಿಗೆ ಬಣ್ಣ ಕಾಣಲ್ಲ ಅಂದ್ರೆ ಅವಳ ಎರಡು ಎಳೇನೂ ಕೆಟ್ಟಿವೆ. ಒಂದು ನಿಮ್ಮಿಂದ. ನಿಮ್ಮಣ್ಣಂಗೆ ಇತ್ತಲ್ಲ, ಅದು ಸರಿ. ಇನ್ನೊಂದು?”

“ಅವರಪ್ಪನಿಂದ,” ಎಂದಳು ಯಜಮಾನಿ. ಹೇಳುವಾಗ ಅವಳಿಗೆ ಒಂದು ಬಗೆಯ ಖುಷಿಯೇ ಆಯಿತು. ಅಲ್ಲವೇ ಮತ್ತೆ? ಶಾಸ್ತ್ರ ಸತ್ಯವನ್ನೇ ಹೇಳುತ್ತಿತ್ತು. ಮಗಳ ಕಣ್ಣೇ ಸಾಕ್ಷಿಯಾಗಿ ನಿಂತು, ನಾನು ಈ ಮನುಷ್ಯನ ಮಗಳು, ಇವನದೇ ಕಣ್ಣು ನನ್ನದು ಎನ್ನುತ್ತಿತ್ತು.

“ಹೌದು, ಅಪ್ಪನಿಂದ. ಅಪ್ಪಂಗೆ ಇರೋದು ಒಂದೇ ಎಳೆ, ಅದು ಕೆಟ್ಟಿದ್ರೆ ಅವನೂ ಬಣ್ಣಗುರುಡ ಆಗಿರಬೇಕು.” ನಾದಿನಿ ಎಳೆಗಳನ್ನು ಮೇಜಿನ ಮೇಲೆ ಉದುರಿಸಿದಳು. “ಇವಳ ಅಪ್ಪ ಬಣ್ಣಗುರುಡ. ನಮ್ಮಣ್ಣ ಹದ್ದು. ಈಗ ನೀವೇ ಹೇಳಿ ಅತ್ತಿಗೆ. ಪುಟ್ಟಿ ಹುಟ್ಟೋ ಮುಂಚೆ ಇಲ್ಲಿ ಒಬ್ಬ ಗುಮಾಸ್ತ ಇದ್ನಲ್ಲ, ಹಾಡು ಹೇಳ್ಕೊಂಡು ಓಡಾಡ್ತಿದ್ದ. ಹಸಿರು ಪೆಟ್ಟಿಗೆ ತಾ ಅಂದ್ರೆ ಕಂದು ಪೆಟ್ಟಿಗೆ ತರ್ತಿದ್ದ, ನನಗೆ ಚೆನ್ನಾಗಿ ನೆನಪಿದೆ.”

ಆ ಗುಮಾಸ್ತ ಕಣ್ಣು ಸರಿಯಿದ್ದ ಶುದ್ಧ ಸೋಮಾರಿ. ಕೈಗೆ ಸಿಕ್ಕ ಪೆಟ್ಟಿಗೆ ತರುತ್ತಿದ್ದ, ಅಷ್ಟೇ. ಆದರೆ ಬಾಗಿಲಲ್ಲಿದ್ದ ಮೇಸ್ತ್ರಿ ಹೌದೆನ್ನುವಂತೆ ತಲೆಯಾಡಿಸಿದ. ಯಜಮಾನಿ ಗಂಡನ ಕಡೆ ತಿರುಗಿದಳು. ಒಂದು ಮಾತು ಸಾಕಿತ್ತು. ‘ನನಗೂ ಕಾಣಲ್ಲ’ ಎಂಬ ಒಂದೇ ಮಾತು. ಅವನು ಹೇಳಿಯೇ ಹೇಳುತ್ತಾನೆ ಎಂದು ಅವಳು ಕಾದಳು. ಇಷ್ಟು ವರ್ಷ ಅವನ ಕಣ್ಣಾಗಿ ಬದುಕಿದವಳು, ಕಾಯುವುದು ಅವಳಿಗೇನು ಕಷ್ಟ?

“ಅಣ್ಣ, ಅನುಮಾನ ಯಾಕೆ? ನಿನ್ನ ಕಣ್ಣನ್ನೂ ನೋಡೇಬಿಡೋಣ,” ಎಂದಳು ನಾದಿನಿ. “ಮೇಸ್ತ್ರಿ, ಆ ಕಂಬಿ ಮೇಲಿಂದ ಮೂರು ಲಡಿ ತಗೊಂಡು ಬಾ. ಯಾವುದಾದ್ರೂ ಪರವಾಗಿಲ್ಲ.”

ಮೇಸ್ತ್ರಿ ತಂದ ಮೂರೂ ಲಡಿಗಳ ದಾರಕ್ಕೆ ಯಜಮಾನಿ ಅವತ್ತು ಬೆಳಗ್ಗೆಯೇ ತನ್ನ ಕೈಯಾರೆ ಗಂಟು ಹಾಕಿದ್ದಳು. ಯಜಮಾನ ಎದ್ದು ಕಿಟಕಿಯ ಹತ್ತಿರ ಹೋದ. ತಲೆ ವಾಲಿಸಿದ, ಕಣ್ಣು ಅರ್ಧ ಮುಚ್ಚಿದ. ಅವನ ಹೆಬ್ಬೆರಳು ದಾರದ ಬಾಲಕ್ಕೆ ಇಳಿಯುವುದನ್ನು ಅವಳು ನೋಡಿದಳು. ಅವನೂ ಅವಳು ನೋಡುವುದನ್ನು ನೋಡಿದ.

“ಹಸಿರು,” ಎಂದ. ಎರಡನೆಯದು ಎತ್ತಿದ. “ಕೆಂಪು, ಸರಿಯಾಗಿದೆ.” ಮೂರನೆಯದು. “ಕಂದು. ಇನ್ನೊಂದು ಚಿಟಿಕೆ ಬೇಕಿತ್ತು ಮೇಸ್ತ್ರಿ, ಎಷ್ಟು ಸಲ ಹೇಳ್ಬೇಕು ನಿಂಗೆ?”

ಮೇಸ್ತ್ರಿ ತಲೆ ಕೆರೆದುಕೊಂಡ. ನಾದಿನಿ ಗೆದ್ದವಳಂತೆ ಉಸಿರುಬಿಟ್ಟಳು.

“ಆ ದಾರ... ಆ ಗಂಟು ನೋಡಿ...” ಎಂದು ಯಜಮಾನಿ ಬಾಯಿ ತೆರೆದಳು.

“ಸಾಕು!” ಎಂದು ಗಂಡ ಗದರಿದ. “ಇನ್ನೊಂದು ಮಾತು ಬೇಡ. ಆಗಿದ್ದು ಆಗಿಹೋಯ್ತು. ನಾನೇನು ಇವಳನ್ನ ಬೀದಿಗೆ ತಳ್ಳಲ್ಲ. ಮಗೂನೂ ತಳ್ಳಲ್ಲ. ಸಾಕಿದ್ದೀನಲ್ಲ, ಸಾಕ್ತೀನಿ.”

“ಎಂಥಾ ದೊಡ್ಡ ಮನಸ್ಸು ನೋಡಿ!” ಎಂದು ನಾದಿನಿ ಕಣ್ಣೊರೆಸಿಕೊಂಡಳು. ಮೇಸ್ತ್ರಿ ಯಜಮಾನನಿಗೆ ಕೈ ಮುಗಿದ. ಅವನು ಆ ಮಾತನ್ನು ಹಂಡೆಗಳ ಹತ್ತಿರ ಒಯ್ದು ಎಲ್ಲರಿಗೂ ಹಂಚಿದ.

ಆಗಲೇ ಯಜಮಾನಿ ಆ ದಾರ ಕಿತ್ತೆಸೆದು ಈಗ ಹೇಳು ನೋಡೋಣ ಎಂದು ಕೂಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೂಗಲಿಲ್ಲ. ಗುಟ್ಟು ಕಾಯುವ ಚಾಳಿ ಮೈಗೆ ಹತ್ತಿಬಿಟ್ಟಿತ್ತು. ಜೊತೆಗೆ ಹಾಳು ಅಭಿಮಾನ ಬೇರೆ. ತನ್ನ ನಡತೆಗೆ ಗಂಡನೇ ಸಾಕ್ಷಿ ಹೇಳಬೇಕೇ ಹೊರತು ತಾನು ಅಂಗಲಾಚಿ ಸಾಬೀತು ಮಾಡುವುದೇನು ಎಂದುಕೊಂಡಳು. ಆಮೇಲೆ, ಬಣ್ಣದ ಪುಡಿ ತೂಕ ಹಾಕುವ ಕೋಣೆಯಲ್ಲಿ, ಇಬ್ಬರೇ ಇದ್ದಾಗ ಕೇಳಿದಳು.

“ಒಂದು ಮಾತು ಹೇಳಬಾರದಿತ್ತಾ, ರೀ?”

“ಹೇಳಿದ್ರೆ?” ಅವನು ತಕ್ಕಡಿಯ ತಟ್ಟೆ ಒರೆಸುತ್ತಿದ್ದ. “ನಿನ್ನ ಹೆಸರು ಹೋದ್ರೆ ನಾಲ್ಕು ಗೋಡೆ ಒಳಗೆ ಹೋಗುತ್ತೆ. ನನ್ನ ಹೆಸರು ಹೋದ್ರೆ ಹಂಡೆ ಕೆಳಗಿನ ಬೆಂಕೀನೇ ಆರಿಹೋಗುತ್ತೆ. ಯಾವುದು ದೊಡ್ಡದು, ನೀನೇ ತೂಗಿ ನೋಡು.”

ಅವನು ಬಾಗಿಲ ತನಕ ಹೋಗಿ ತಿರುಗಿದ. “ಮತ್ತೆ, ಆ ಹಸಿರಿನ ಎರಡನೇ ಗಂಟು ಸಡಿಲಾನೋ ಬಿಗೀನೋ ಗೊತ್ತಾಗ್ಲಿಲ್ಲ ಇವತ್ತು. ಸರಿಯಾಗಿ ಹಾಕು. ಸ್ವಲ್ಪದರಲ್ಲೇ ಸಿಕ್ಕಿಬೀಳ್ತಿದ್ದೆ ನಾನು.”

ಅಲ್ಲಿಂದ ಅವಳ ಬದುಕು ಕುದಿನೀರಾಯಿತು. ಅವಳು ಹತ್ತಿರ ಬಂದರೆ ಲಡಿ ಹಿಂಡುವ ಹೆಂಗಸರು ಮಾತು ನಿಲ್ಲಿಸುತ್ತಿದ್ದರು, ಬೆನ್ನು ತಿರುಗಿಸಿದರೆ ಕಿಸಕ್ಕೆನ್ನುತ್ತಿದ್ದರು. ಒಬ್ಬ ತರಲೆ, ಹಿಂದೆ ಆ ಗುಮಾಸ್ತ ಹಾಡುತ್ತಿದ್ದ ಹಾಡನ್ನೇ ಸಿಳ್ಳೆ ಹಾಕುವುದನ್ನು ಕಲಿತಿದ್ದ. ಯಜಮಾನ ಮಾತ್ರ ಒಂದು ಗೇಣು ಎತ್ತರವಾದ. ಬಣ್ಣ ನೋಡುವ ಕಣ್ಣಷ್ಟೇ ಅಲ್ಲ, ಕ್ಷಮಿಸುವ ಎದೆಯೂ ಅವರಿಗಿದೆ ಎಂದು ಗಿರಾಕಿಗಳು ಕೂಡ ಮಾತಾಡಿಕೊಂಡರು. ಅವಳು ದಿನಾ ಬೆಳಗ್ಗೆ ಎದ್ದು ಆ ಎದೆಗೂ ಕಣ್ಣಿಗೂ ಗಂಟು ಹಾಕಿಡುತ್ತಿದ್ದಳು. ಗಂಟು ತಪ್ಪಿಸಿದರೆ ಮಗಳ ಅನ್ನಕ್ಕೂ ಕಲ್ಲು ಬೀಳುತ್ತದಲ್ಲ ಎಂದು ಹಲ್ಲು ಕಚ್ಚಿದ್ದಳು.

ಮಗಳು ತಾಯಿಯ ಜೊತೆ ಮಾತು ಬಿಟ್ಟಿದ್ದಳು. ಒಂದು ಸಂಜೆ ತಾನಾಗಿಯೇ ಬಂದು ಅಡುಗೆಮನೆಯ ಗೋಡೆಗೆ ಒರಗಿ ಕೂತಳು.

“ಅವರ ಹೆಸರೇನಮ್ಮ?”

“ಯಾರ ಹೆಸರು?”

“ನಮ್ಮಪ್ಪಂದು.”

ಕಪಾಳಕ್ಕೆ ಹೊಡೆದಿದ್ದರೂ ಯಜಮಾನಿಗೆ ಅಷ್ಟು ಉರಿಯುತ್ತಿರಲಿಲ್ಲ. ಒಲೆ ಆರಿಸಿ, ಸೀದಾ ಹೋಗಿ ಎರಡು ಲಡಿ ತಂದು ಮಗಳ ತೊಡೆಯ ಮೇಲೆ ಹಾಕಿದಳು. “ಕಣ್ಣು ಮುಚ್ಕೋ. ದಾರದ ಬಾಲ ಮುಟ್ಟು. ಒಂದೇ ಗಂಟಿದ್ರೆ ಕೆಂಪು, ಎರಡಿದ್ರೆ ಹಸಿರು. ಈಗ ಹೇಳು.”

ಪುಟ್ಟಿ ಮುಟ್ಟಿದಳು. “ಇದು ಕೆಂಪು. ಇದು ಹಸಿರು.”

“ನಿಮ್ಮಪ್ಪ ನೋಡೋದೂ ಹಿಂಗೇ. ಅವತ್ತು ನಿಮ್ಮತ್ತೆ ಎದುರಿಗೆ ನೋಡಿದ್ದೂ ಹಿಂಗೇ.”

ಹುಡುಗಿ ಚುರುಕು. ಒಂದು ಕ್ಷಣ ಬೇಕಾಯಿತು ಅಷ್ಟೇ. ಮುಖಕ್ಕೆ ರಕ್ತ ಏರಿತು, ಲಡಿಗಳನ್ನು ಹಿಡಿದುಕೊಂಡೇ ಎದ್ದು ಅಪ್ಪನ ಕೋಣೆಗೆ ಹೋದಳು. ಯಜಮಾನಿ ಅಡುಗೆಮನೆಯಲ್ಲಿ ನಿಂತು ಕಿವಿಗೊಟ್ಟಳು. ಈಗ ಕೂಗಾಡುತ್ತಾಳೆ, ಮನೆ ಎರಡಾಗಿ ಸೀಳುವ ಹಾಗೆ ಕೂಗಾಡುತ್ತಾಳೆ, ನನ್ನ ಮಗಳು. ಕೂಗು ಕೇಳಲಿಲ್ಲ. ಬಹಳ ಹೊತ್ತು ತಗ್ಗಿದ ದನಿಯಲ್ಲಿ ಮಾತು ನಡೆಯಿತು. ಒಮ್ಮೆ ಯಜಮಾನ ನಕ್ಕಿದ್ದೂ ಕೇಳಿಸಿತು.

ಪುಟ್ಟಿ ವಾಪಸ್ ಬಂದಾಗ ಮುಖ ತೊಳೆದಿದ್ದಳು. “ಅಪ್ಪ ಒಪ್ಕೊಂಡ್ರು,” ಎಂದಳು.

“ಏನಂತ?”

“ನಾಳೆಯಿಂದ ನಾನೂ ಕಿಟಕಿ ಹತ್ರ ಕೂತ್ಕೋಬಹುದು ಅಂತ. ಮುಂದೆ ಕಾರ್ಖಾನೆ ನನ್ನದೇ ಅಂತೆ. ರೈಲಂತೂ ಹೋಯ್ತು, ಇದಾದ್ರೂ ಇರ್ಲಿ. ನೀನು ನನಗೂ ಗಂಟು ಹಾಕಿಕೊಡು.”

“ಮತ್ತೆ ನನ್ನ ಹೆಸರು?”

“ಅಮ್ಮ, ನಿಜ ಹೇಳಿದ್ರೆ ಹಂಡೆ ಕೆಳಗಿನ ಬೆಂಕೀನೇ ಆರಿಹೋಗುತ್ತೆ. ಈ ವಯಸ್ಸಲ್ಲಿ ಹೆಸರು ತಗೊಂಡು ನಿಂಗೇನಾಗಬೇಕು?”

ಪುಟ್ಟಿ ಲಡಿಯನ್ನು ಬೆಳಕಿಗೆ ಎತ್ತಿ ಹಿಡಿದು ಅಭ್ಯಾಸ ಮಾಡುತ್ತಿದ್ದಳು. ತಲೆ ಒಂದು ಕಡೆ ವಾಲಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಹೆಬ್ಬೆರಳು ಬಾಲದ ಮೇಲಿತ್ತು. ಯಜಮಾನಿ ನೋಡುತ್ತಾ ನಿಂತಳು. ಡಾಕ್ಟರೂ ಬೇಡ, ನಾದಿನಿಯ ಎಳೆಗಳೂ ಬೇಡ, ಇವಳು ಯಾರ ಮಗಳು ಎಂದು ಕಣ್ಣಿದ್ದ ಯಾರಿಗಾದರೂ ಗೊತ್ತಾಗುತ್ತಿತ್ತು. ಕೆಟ್ಟ ಎಳೆ ಕಣ್ಣಿಗೆ ಮಾತ್ರ ಬಂದಿರಲಿಲ್ಲ. ಇಷ್ಟು ದಿನ ಯಾರ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಹಲ್ಲು ಕಚ್ಚಿದ್ದಳೋ, ಅವಳ ಬಗೆಗಿನ ಹೆದರಿಕೆ ಅವತ್ತಿಗೆ ಮುಗಿಯಿತು.

ಯಜಮಾನ ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದ. ಆದರೆ ಹೊಗಳಿಕೆ ಒಮ್ಮೆ ರುಚಿ ಹತ್ತಿದರೆ ಬಿಡುವುದಿಲ್ಲ. ಕಾಣದ ಕಣ್ಣನ್ನೂ ತಿದ್ದುವ ವಿದ್ಯೆ ತನಗೆ ಗೊತ್ತು, ಯಾರ ಮಗಳಾದರೇನು, ತನ್ನ ಹತ್ತಿರ ಕೂತರೆ ಬಣ್ಣ ಕಾಣಲೇಬೇಕು ಎಂದು ಬಾಯಿಬಡಾಯಿ ಶುರುಮಾಡಿದ. ಪುಟ್ಟಿಯೂ ಕಿಟಕಿಯ ಬಳಿ ನಿಂತು ಕೆಂಪು, ಹಸಿರು, ಕಂದು ಎಂದು ತಪ್ಪಿಲ್ಲದೆ ಹೇಳುತ್ತಿದ್ದಳು. ಸುದ್ದಿ ತಲುಪಿದ ನಾದಿನಿ, “ಇದು ಸಾಧ್ಯವೇ ಇಲ್ಲ, ಯಾವ ಪುಸ್ತಕದಲ್ಲೂ ಇಲ್ಲ” ಎಂದು ಗೊಣಗುತ್ತಾ, ಕಣ್ಣಾರೆ ನೋಡಲು ಬಂದೇಬಿಟ್ಟಳು. ಅವತ್ತೇ ದೊಡ್ಡ ರತ್ನಗಂಬಳಿ ಕಂಪನಿಯ ಖರೀದಿಯವನೂ ಬರುವವನಿದ್ದ. ಆ ಕಾರ್ಖಾನೆ ಉಸಿರಾಡುತ್ತಿದ್ದದ್ದೇ ಅವನು ಕೊಡುವ ಕೆಲಸದಿಂದ.

ಅವತ್ತು ಬೆಳಗ್ಗೆ ಯಜಮಾನಿ ಎಂದಿನಂತೆ ಒಣಗಿದ ಲಡಿಗಳ ಮುಂದೆ ಕೂತಳು. ಹಸಿರು ಲಡಿಗಳಿಗೆ ಒಂದೊಂದು ಗಂಟು ಹಾಕಿದಳು. ಕೆಂಪು ಲಡಿಗಳಿಗೆ ಎರಡೆರಡು. ಎಲ್ಲವನ್ನೂ ಬಿಗಿಯಾಗಿ, ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಹಾಕಿದಳು.

ಖರೀದಿಯವನು ಕಂಬಿಯಿಂದ ಒಂದು ಲಡಿ ಎಳೆದ. ಹೆಚ್ಚಿದ ಟೊಮೇಟೊ ಹಣ್ಣಿನಂಥ ಕೆಂಪು. “ಇದು ನಮ್ಮ ಯಾವ ಮಾದರಿಗೆ, ಯಜಮಾನ್ರೇ?”

ಯಜಮಾನ ಕಿಟಕಿಗೆ ಎತ್ತಿ ಹಿಡಿದ. ತಲೆ ವಾಲಿಸಿದ. “ನಿಮ್ಮ ಎಲೆಹಸಿರಿಗೆ. ಹದವಾಗಿ ಕೂತಿದೆ ನೋಡಿ ಹಸಿರು.”

ಖರೀದಿಯವನು ತಮಾಷೆಯೆಂದು ನಕ್ಕ. ಮೇಸ್ತ್ರಿ ನಗಲಿಲ್ಲ. ನಗು ಯಾಕೆಂದು ಅರ್ಥವಾಗದೆ ಯಜಮಾನ ಲಡಿಯನ್ನು ಮಗಳ ಕೈಗೆ ಕೊಟ್ಟ. “ನೀನು ಹೇಳಮ್ಮ.”

ಪುಟ್ಟಿ ಕಣ್ಣು ಅರ್ಧ ಮುಚ್ಚಿದಳು. ಹೆಬ್ಬೆರಳು ಇಳಿಯಿತು. “ಹಸಿರೇ. ಅಪ್ಪ ಹೇಳಿದ್ದು ಸರಿ.”

ಖರೀದಿಯವನು ನಗು ನಿಲ್ಲಿಸಿ, ಮೆಲ್ಲಗೆ ಹಸಿರು ಲಡಿಯೊಂದನ್ನು ಎಳೆದು ಇಬ್ಬರ ನಡುವೆ ಹಿಡಿದ. “ಹಾಗಾದ್ರೆ ಇದು?”

ಅಪ್ಪ ಒಂದು ತುದಿ ಮುಟ್ಟಿದ, ಮಗಳು ಬಾಲ ಸವರಿ ಅವನ ಕಡೆಗೆ ಸರಿಸಿದಳು. “ಕೆಂಪು,” ಎಂದರು ಇಬ್ಬರೂ, ಒಂದೇ ಉಸಿರಿನಲ್ಲಿ.

ಸಿಳ್ಳೆ ಹಾಕುವ ತರಲೆಯ ಬಾಯಿ ತೆರೆದೇ ಉಳಿಯಿತು. ನಾದಿನಿ ಹತ್ತಿರದ ಸ್ಟೂಲಿನ ಮೇಲೆ ಕುಸಿದಳು. ಅಣ್ಣನ ಮುಖ ನೋಡಿದಳು, ಪುಟ್ಟಿಯ ಮುಖ ನೋಡಿದಳು, ಪಾಠ ತಾನಾಗಿಯೇ ಅವಳ ತಲೆಯೊಳಗೆ ನಡೆದುಹೋಯಿತು.

“ಈಗ ಹೇಳು ತಾಯಿ,” ಎಂದಳು ಯಜಮಾನಿ ನಾದಿನಿಗೆ. ಇಡೀ ಕಾರ್ಖಾನೆಗೆ ಕೇಳುವಂತೆ ಹೇಳಿದಳು. “ಇವಳು ಯಾರ ಮಗಳು?”

ನಾದಿನಿ ಸ್ಟೂಲಿನಿಂದ ಏಳಲು ಹೋಗಿ ಮತ್ತೆ ಕೂತಳು.

“ನಿಮ್ಮಣ್ಣಂಗೆ ಆ ಎಳೆ ಕೊಟ್ಟಿದ್ದು ನಿಮ್ಮಮ್ಮ. ನಿನಗೂ ಒಂದು ಕೊಟ್ಟಿರಬಹುದು, ಒಳಗೇ ಅಡಗಿರುತ್ತೆ ಅಂತ ನೀನೇ ಹೇಳಿದ್ದೆ. ನಿನ್ನ ಗಂಡುಮಕ್ಕಳಿಗೆ ಆ ಚುಕ್ಕೆ ಪುಸ್ತಕ ತೋರಿಸಿದ್ದೀಯಾ?”

ನಾದಿನಿಯ ಮುಖ ಬಿಳಿಚಿತು. ಅದನ್ನು ನೋಡಿ ಯಜಮಾನಿಗೆ ಸಂತೋಷವಾಯಿತು. ಮುಚ್ಚಿಡುವುದೇನು, ಮದುವೆಯಾದ ಮೇಲೆ ಅಷ್ಟು ಸಂತೋಷ ಅವಳಿಗೆ ಆಗಿರಲೇ ಇಲ್ಲ. ಖರೀದಿಯವನು ತನ್ನ ಮಾದರಿಗಳನ್ನೆಲ್ಲ ಒಂದೊಂದಾಗಿ ಎತ್ತಿ ಚೀಲಕ್ಕೆ ತುಂಬಿಕೊಂಡ. ಯಾರಿಗೂ ಹೇಳದೆ ಹೊರಟ. ಯಜಮಾನ ಆ ಹಸಿರು ಲಡಿಯನ್ನು ಇನ್ನೂ ಕಿಟಕಿಗೆ ಹಿಡಿದುಕೊಂಡೇ ನಿಂತಿದ್ದ. ಮೊದಲ ಸಲ ಅದನ್ನು ನಿಜವಾಗಿ ಕಣ್ಣಿನಿಂದ ನೋಡಲು ಹೆಣಗುತ್ತಿದ್ದ. ಮೇಸ್ತ್ರಿ ಯಾರ ಅಪ್ಪಣೆಗೂ ಕಾಯದೆ ಹಂಡೆಗಳ ಕೆಳಗಿನ ಬೆಂಕಿ ಆರಿಸುತ್ತಾ ಹೋದ.

ಪುಟ್ಟಿ ತಾಯಿಯ ಎದುರಿಗೆ ಬಂದು ನಿಂತಳು. “ಏನು ಮಾಡಿಬಿಟ್ಟೆಯಮ್ಮಾ! ನನ್ನದು ಅಂತ ಇದ್ದದ್ದೇ ಇದೊಂದು!”

“ಅಪ್ಪನ ಹೆಸರು ಕೇಳಿದ್ದೆಯಲ್ಲ,” ಎಂದಳು ಯಜಮಾನಿ, ದಾರದ ಉಂಡೆಯನ್ನು ಮಗಳ ಕೈಗೆ ಹಾಕುತ್ತಾ. “ಅಪ್ಪನ್ನೇ ಕೊಟ್ಟಿದ್ದೀನಿ. ಇಟ್ಕೋ.”